ಸಾಹಸಕ್ಕೆ ಹೊರಟವರು ನಿಲ್ಲುವುದನ್ನೂ ಕಲಿಯಬೇಕು

ಕಳೆದ ಕೆಲವು ವರ್ಷಗಳಿಂದ ನಮ್ಮ ಚಿಕಿತ್ಸಾಲಯಕ್ಕೆ ರೋಗವಿಲ್ಲದವರೂ ಬರತೊಡಗಿದ್ದಾರೆ. ಅವರಿಗೆ ಔಷಧ ಬೇಡ. 'ಇವರ ದೇಹವು ಸ್ಪರ್ಧೆಗೆ ಯೋಗ್ಯವಾಗಿದೆ' ಎಂಬ ಒಂದು ಪ್ರಮಾಣಪತ್ರ ಬೇಕು. ಮೊದಲು ಮ್ಯಾರಥಾನ್ ಓಟಗಾರರು ಬಂದರು. ಈಗ ಅವರ ಹಿಂದೆಯೇ ಬಹುಕ್ರೀಡಾ ಸಾಹಸ ಸ್ಪರ್ಧೆಗೆ, ಅದರಲ್ಲಿಯೂ ಏಕಾಂಗಿ ವಿಭಾಗಕ್ಕೆ ಹೆಸರು ಕೊಟ್ಟ ತರುಣ ತರುಣಿಯರು ಬರುತ್ತಿದ್ದಾರೆ. ಅವರ ತಂದೆತಾಯಿಗಳು ಮಾತ್ರ ಮರುದಿನ ಬೇರೆಯಾಗಿ ಬಂದು, 'ಈ ಹುಚ್ಚಾಟವನ್ನು ನೀವಾದರೂ ಬಿಡಿಸಿ' ಎಂದು ಕೇಳಿಕೊಳ್ಳುತ್ತಾರೆ. ಇಬ್ಬರಿಗೂ ಒಟ್ಟಿಗೆ ಉತ್ತರ ಹೇಳುವ ಸಲುವಾಗಿ ಈ ಲೇಖನ.

ಈ ಸ್ಪರ್ಧೆ ಎಂದರೇನೆಂಬುದನ್ನು ಮೊದಲು ತಿಳಿಯೋಣ. ಕಾಡುದಾರಿಯ ಓಟ, ಗುಡ್ಡಗಾಡಿನ ಸೈಕಲ್ ಸವಾರಿ, ಹೊಳೆಯಲ್ಲೋ ಕೆರೆಯಲ್ಲೋ ಕಯಾಕ್ ದೋಣಿಗೆ ಹುಟ್ಟು ಹಾಕುವುದು, ಇವೆಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಅನೇಕ ಕಡೆಗಳಲ್ಲಿ ದಾರಿಯನ್ನು ಗುರುತು ಮಾಡಿರುವುದಿಲ್ಲ. ನಕ್ಷೆ ಮತ್ತು ದಿಕ್ಸೂಚಿಯ ನೆರವಿನಿಂದ ತಪಾಸಣಾ ಠಾಣೆಗಳನ್ನು ತಾನೇ ಹುಡುಕಿಕೊಂಡು ಹೋಗಬೇಕು. ಇಂಥ ಸ್ಪರ್ಧೆಗಳಲ್ಲಿ ಹೆಸರಾದದ್ದು ನ್ಯೂಜಿಲೆಂಡ್ ದೇಶದಲ್ಲಿ ರಾಬಿನ್ ಜುಡ್ಕಿನ್ಸ್ ಎಂಬುವರು 1983ರಲ್ಲಿ ಆರಂಭಿಸಿದ 'ಕೋಸ್ಟ್ ಟು ಕೋಸ್ಟ್'. ದಕ್ಷಿಣ ದ್ವೀಪದ ಪಶ್ಚಿಮ ಕಡಲಿನಿಂದ ಪೂರ್ವ ಕಡಲಿನವರೆಗೆ, ಹಿಮಪರ್ವತ ಶ್ರೇಣಿಯನ್ನು ದಾಟಿ 243 ಕಿಲೋಮೀಟರ್ ಸಾಗುವ ಸ್ಪರ್ಧೆ ಅದು. ನಮ್ಮ ಹುಡುಗರು ಹೊರಡುವುದು ಇದರ ಕಿರಿಯ ರೂಪಕ್ಕೆ. ಮೂರರಿಂದ ಆರು ಗಂಟೆಗಳಲ್ಲಿ ಮುಗಿಯುವ ಚಿಕ್ಕ ಸ್ಪರ್ಧೆಗೆ. ಚಿಕ್ಕದೆಂಬ ಮಾತೇ ಅವರನ್ನು ಮೋಸಗೊಳಿಸುತ್ತದೆ. ಚಿಕ್ಕದಾದ್ದರಿಂದ ಆರಂಭದಿಂದಲೇ ಪೂರ್ಣವೇಗದಲ್ಲಿ ಹೋಗಬಹುದೆಂದು ಅವರು ಭಾವಿಸುತ್ತಾರೆ. ಏಕಾಂಗಿಯಾದ್ದರಿಂದ ಅವರನ್ನು ತಡೆಯುವವರೂ ಇರುವುದಿಲ್ಲ.

ನಮ್ಮಿಂದಾದ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕು. ಮಠದ ಪ್ರಸಾದನಿಲಯದಲ್ಲಿ ಓದಿ ಬೆಳೆದು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬ ಎರಡು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ಪ್ರಮಾಣಪತ್ರಕ್ಕಾಗಿ ಬಂದ. ಬಾಲ್ಯದಿಂದ ಬಲ್ಲ ಹುಡುಗ, ಗಟ್ಟಿಮುಟ್ಟಾದ ಮೈಕಟ್ಟು. ನಾಡಿ ನೋಡಿದೆವು, ರಕ್ತದೊತ್ತಡ ಅಳೆದೆವು, ಸಹಿ ಮಾಡಿ ಕೊಟ್ಟೆವು. ಆ ವಾರದ ಆರಂಭದಲ್ಲಿ ಅವನು ಮೂರು ದಿನ ಜ್ವರದಿಂದ ಮಲಗಿದ್ದನೆಂಬುದನ್ನು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಸ್ಪರ್ಧೆಯಲ್ಲಿ ಓಟವನ್ನೂ ದೋಣಿಯನ್ನೂ ಮುಗಿಸಿದ ಅವನು ಸೈಕಲ್ ಹಂತದಲ್ಲಿ ದಾರಿ ಬಿಟ್ಟು ಬೇರೆ ಕಡೆಗೆ ಹೊರಟುಹೋದ. ಕಾಲುವೆಯ ಏರಿಯ ಮೇಲೆ ಕುಳಿತು ತನ್ನಷ್ಟಕ್ಕೆ ಏನೇನೋ ಮಾತನಾಡುತ್ತಿದ್ದವನನ್ನು ಹೊಲಕ್ಕೆ ಬಂದಿದ್ದ ತಾಯಿಯೊಬ್ಬರು ಕಂಡು, ಪಂಪ್‌ಸೆಟ್ಟಿನ ನೀರಿಗೆ ಅವನನ್ನು ಒಡ್ಡಿ, ಕೂಗಿ ಜನರನ್ನು ಸೇರಿಸಿದರು. ಆಸ್ಪತ್ರೆಯಲ್ಲಿ ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಮೂತ್ರಪಿಂಡಗಳು ಚೇತರಿಸಿಕೊಂಡವು, ಹುಡುಗ ಉಳಿದ. ಅವನನ್ನು ಉಳಿಸಿದ್ದು ನಮ್ಮ ಸಹಿಯಲ್ಲ, ಆ ತಾಯಿಯ ಸಮಯಪ್ರಜ್ಞೆ.

ಆ ದಿನಗಳಲ್ಲಿ ಚರಕಸಂಹಿತೆಯ ನಿದಾನಸ್ಥಾನವನ್ನು ಮತ್ತೆ ತೆರೆದು ಓದಿದೆವು. ದೇಹವನ್ನು ಒಣಗಿಸುವ ಶೋಷರೋಗಕ್ಕೆ ಅಲ್ಲಿ ನಾಲ್ಕು ಕಾರಣಗಳನ್ನು ಹೇಳಿದೆ. ಮೊದಲನೆಯ ಕಾರಣದ ಹೆಸರೇ 'ಸಾಹಸ'. ತನ್ನ ಬಲವನ್ನು ಮೀರಿದ ಕಾರ್ಯಕ್ಕೆ ಕೈಹಾಕುವುದು ಎಂದು ಅದರ ಅರ್ಥ. ಎರಡನೆಯದು 'ಸಂಧಾರಣ', ಎಂದರೆ ದೇಹದ ಸಹಜ ವೇಗಗಳನ್ನು ಬಲವಂತದಿಂದ ತಡೆಯುವುದು. ಉಳಿದೆರಡು ಧಾತುಕ್ಷಯ ಮತ್ತು ವಿಷಮ ಆಹಾರ. ಇಂದು ನಾವು ಮೆಚ್ಚುಗೆಯಿಂದ ಬಳಸುವ ಪದವನ್ನೇ ನಮ್ಮ ಪೂರ್ವಾಚಾರ್ಯರು ರೋಗಕಾರಣಗಳ ಸಾಲಿನಲ್ಲಿ ಮೊದಲಿಗೆ ನಿಲ್ಲಿಸಿದ್ದಾರೆ. ತಡೆಯಬಾರದ ವೇಗಗಳಲ್ಲಿ ಹಸಿವು, ಬಾಯಾರಿಕೆ, ಮೂತ್ರಗಳೊಡನೆ ಶ್ರಮದಿಂದ ಬರುವ ಏದುಸಿರನ್ನೂ ಅವರು ಎಣಿಸಿದ್ದಾರೆ. ಗೆಲುವಿನ ಭರದಲ್ಲಿ ನೀರು ಕುಡಿಯದೆ, ಉಸಿರು ತಿರುಗುವವರೆಗೆ ನಿಲ್ಲದೆ ಮುನ್ನುಗ್ಗುವವನು ಎರಡು ಕಾರಣಗಳನ್ನೂ ಏಕಕಾಲದಲ್ಲಿ ಮೈಮೇಲೆ ಎಳೆದುಕೊಳ್ಳುತ್ತಾನೆ.

ಹಾಗಾದರೆ ಇಂಥ ಸ್ಪರ್ಧೆಯೇ ಬೇಡವೆನ್ನೋಣವೇ? ನಮ್ಮ ಅಭಿಪ್ರಾಯ ಅದಲ್ಲ. ದಿನವೆಲ್ಲ ಕುರ್ಚಿಯಲ್ಲಿ ಕುಳಿತು ಕಣ್ಣು ಬೆರಳುಗಳಿಂದ ಮಾತ್ರ ದುಡಿಯುವ ತಲೆಮಾರು ಗುಡ್ಡ ಹತ್ತಲು ಹೊರಟರೆ ವೈದ್ಯರಾದವರು ಸಂತೋಷಪಡಬೇಕು. ದೇಹವನ್ನು ದಂಡಿಸುವುದನ್ನಲ್ಲ, ದುಡಿಸುವುದನ್ನು ಕಾಯಕದ ಹಾದಿ ನಮಗೆ ಕಲಿಸಿದೆ. ಈ ಎರಡರ ನಡುವಿನ ಗೆರೆಯನ್ನು ಆಯುರ್ವೇದವು 'ಅರ್ಧಶಕ್ತಿ' ಎಂದು ಗುರುತಿಸುತ್ತದೆ. ಬಲದ ಅರ್ಧಭಾಗ ವಿನಿಯೋಗವಾಗುವಷ್ಟು ವ್ಯಾಯಾಮ ಸಾಕು. ಹಣೆ, ಕಂಕುಳು, ಸಂಧಿಗಳಲ್ಲಿ ಬೆವರು, ಬಾಯಿ ಒಣಗುವಿಕೆ ಅದರ ಲಕ್ಷಣಗಳು. ಚಳಿಗಾಲ ಮತ್ತು ವಸಂತದಲ್ಲಿ ಇಷ್ಟು. ಉಳಿದ ಋತುಗಳಲ್ಲಿ ಇನ್ನೂ ಮೃದು. ಇದು ದಿನಚರಿಗೆ ಹೇಳಿದ ನಿಯಮ. ಸ್ಪರ್ಧೆಯ ದಿನ ಇದನ್ನು ಮೀರುವುದು ಅನಿವಾರ್ಯವೆಂಬುದನ್ನು ನಾವು ಬಲ್ಲೆವು. ಆದರೆ ಮೂರು ನಾಲ್ಕು ತಿಂಗಳು ಅರ್ಧಶಕ್ತಿಯಲ್ಲಿ ತಪ್ಪದೆ ಅಭ್ಯಾಸ ಮಾಡಿದವನ ಬಲವೇ ಹೆಚ್ಚುತ್ತದೆ. ನಿನ್ನೆಯ ಪೂರ್ಣಶಕ್ತಿ ಅವನಿಗೆ ಇಂದಿನ ಅರ್ಧಶಕ್ತಿಯಾಗುತ್ತದೆ. ಎರಡು ವಾರ ಪೂರ್ಣಶಕ್ತಿಯಲ್ಲಿ ಓಡಿ ಸ್ಪರ್ಧೆಗೆ ನಿಲ್ಲುವವನಿಗೆ ಈ ಲಾಭವಿಲ್ಲ.

ಏಕಾಂಗಿ ಸ್ಪರ್ಧೆಯ ನಿಜವಾದ ಅಪಾಯ ದೂರದಲ್ಲಿಲ್ಲ, ಏಕಾಂಗಿತನದಲ್ಲಿದೆ. ತಂಡದಲ್ಲಿ ಒಬ್ಬನ ಮಾತು ತೊದಲಿದರೆ ಮತ್ತೊಬ್ಬನು ಗಮನಿಸುತ್ತಾನೆ. ಒಬ್ಬನೇ ಇರುವಾಗ ತನ್ನ ದೇಹದ ಸ್ಥಿತಿಯನ್ನು ತೂಗಬೇಕಾದದ್ದು ತನ್ನ ಬುದ್ಧಿಯೇ. ಉಷ್ಣಾಘಾತದಲ್ಲಾಗಲಿ, ರಕ್ತದಲ್ಲಿ ಸಕ್ಕರೆ ಕುಸಿದಾಗಲಾಗಲಿ ಮೊದಲು ಮಂಕಾಗುವುದು ಆ ಬುದ್ಧಿಯೇ. ತಕ್ಕಡಿಯೇ ಕೆಟ್ಟ ಮೇಲೆ ತೂಗುವುದೆಂತು? ಆದ್ದರಿಂದ ನಿಲ್ಲುವ ನಿರ್ಧಾರವನ್ನು ದಾರಿಯಲ್ಲಿ ಮಾಡಲಾಗದು. ಹೊರಡುವ ಮುನ್ನ ಬುದ್ಧಿ ನಿಚ್ಚಳವಾಗಿರುವಾಗಲೇ ಮಾಡಿ, ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು. ಬಿಸಿಲಿನಲ್ಲಿಯೂ ಮೈ ನಡುಗಿದರೆ, ಗುರುತಿನ ನಕ್ಷೆ ಎರಡು ಬಾರಿ ನೋಡಿದರೂ ಅರ್ಥವಾಗದಿದ್ದರೆ, ನೆಟ್ಟಗೆ ನಡೆಯಲಾಗದಿದ್ದರೆ, ಎದೆಯಲ್ಲಿ ನೋವೋ ಬಿಗಿತವೋ ಕಂಡರೆ, ವಾಂತಿ ನಿಲ್ಲದಿದ್ದರೆ, ಅಲ್ಲಿಗೆ ಸ್ಪರ್ಧೆ ಮುಗಿಯಿತು. ಇವುಗಳಲ್ಲಿ ಒಂದೇ ಸಾಕು, ಎರಡನೆಯದಕ್ಕೆ ಕಾಯಬಾರದು.

ಉಷ್ಣಾಘಾತದ ವಿಷಯದಲ್ಲಿ ನಮ್ಮ ಪದ್ಧತಿಯ ಅಭಿಮಾನವನ್ನು ಬದಿಗಿಟ್ಟು ಒಂದು ಮಾತು ಹೇಳುತ್ತೇವೆ. ಶ್ರಮದ ನಡುವೆ ದೇಹದ ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ ಪ್ರಜ್ಞೆ ತಪ್ಪತೊಡಗಿದವರಿಗೆ ಕಷಾಯ, ಪಾನಕ, ಲೇಪಗಳಿಂದ ಪ್ರಯೋಜನವಿಲ್ಲ. ಬಾಯಿಗೆ ಏನನ್ನೂ ಹಾಕಬಾರದು. ತೊಟ್ಟಿಯಲ್ಲೋ ಕಾಲುವೆಯ ಅಂಚಿನಲ್ಲೋ, ತಲೆ ಮುಳುಗದಂತೆ ಹಿಡಿದುಕೊಂಡು, ಕತ್ತಿನವರೆಗೆ ತಣ್ಣೀರಿನಲ್ಲಿ ಇಡಬೇಕು. ಅದು ಸಾಧ್ಯವಾಗದಿದ್ದರೆ ಮೈಮೇಲೆ ನಿರಂತರವಾಗಿ ನೀರು ಸುರಿದು ಗಾಳಿ ಬೀಸಬೇಕು. ಮೊದಲ ಅರ್ಧ ಗಂಟೆಯೊಳಗೆ ತಾಪ ಇಳಿಸಿದರೆ ಜೀವ ಉಳಿಯುವ ಸಂಭವ ಬಹಳ ಹೆಚ್ಚು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ತಂಪುಗೊಳಿಸುತ್ತಲೇ ಇರಬೇಕು.

ಇನ್ನು ಅನ್ನಪಾನದ ವಿಚಾರ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗಿರುವ ಶಕ್ತಿ ತೀವ್ರ ಶ್ರಮದಲ್ಲಿ ಒಂದೂವರೆ ಎರಡು ಗಂಟೆಗಳಿಗೆ ತೀರಿಹೋಗುತ್ತದೆ. ಆದ್ದರಿಂದ ಮೊದಲ ಗಂಟೆಯಿಂದಲೇ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟವೋ ಸಕ್ಕರೆಯೋ ಒಳಗೆ ಹೋಗಬೇಕು. ಎರಡು ಬಾಳೆಹಣ್ಣುಗಳಲ್ಲಿ ಸುಮಾರು 50 ಗ್ರಾಂ ಇರುತ್ತದೆ. ಬೆಲ್ಲ, ಖರ್ಜೂರ ಕೂಡ ಒಳ್ಳೆಯವೇ. ಶೇಂಗಾ ಉಂಡೆಯಂಥ ಜಿಡ್ಡಿನ ಪದಾರ್ಥಗಳನ್ನು ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ. ಓಡುವಾಗ ಅವು ಜಠರಾಗ್ನಿಗೆ ಭಾರ. ನೀರಿನಲ್ಲಿಯೂ ಮಿತಿ ಬೇಕು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13ರಷ್ಟು ಮಂದಿಯಲ್ಲಿ ಸೋಡಿಯಂ ಅಂಶ ಇಳಿದುಹೋಗಿತ್ತು. ಅತಿಯಾಗಿ ನೀರು ಕುಡಿದು ಓಟದ ನಡುವೆಯೇ ತೂಕ ಹೆಚ್ಚಿಸಿಕೊಂಡವರಲ್ಲಿ ಇದು ಹೆಚ್ಚಾಗಿ ಕಂಡಿತು. ಆದ್ದರಿಂದ ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ. ಬಾಯಾರಿಕೆಯನ್ನು ತಡೆಯಲೂಬೇಡಿ, ಭಯದಿಂದ ಲೀಟರುಗಟ್ಟಲೆ ಸುರಿದುಕೊಳ್ಳಲೂಬೇಡಿ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿದ ಪಾನೀಯ ದುಬಾರಿ ಡಬ್ಬಿಗಳಿಗಿಂತ ಕಡಿಮೆಯೇನಲ್ಲ. ಸ್ಪರ್ಧೆಯ ದಿನ ನೋವಿನ ಮಾತ್ರೆ ನುಂಗಿ ಓಡುವುದು ಮೂತ್ರಪಿಂಡಗಳಿಗೆ ಮಾಡುವ ದ್ರೋಹ.

ಹೊಳೆ ಮತ್ತು ಕಾಡುಗಳ ವಿಷಯವನ್ನೂ ಮರೆಯಬಾರದು. 2000ನೇ ಇಸವಿಯಲ್ಲಿ ಮಲೇಷ್ಯಾದ ಸಬಾ ಪ್ರಾಂತದಲ್ಲಿ ನಡೆದ 'ಇಕೋ ಚಾಲೆಂಜ್' ಸಾಹಸ ಸ್ಪರ್ಧೆಯ ನಂತರ, ಸಂಪರ್ಕಕ್ಕೆ ಸಿಕ್ಕ 189 ಸ್ಪರ್ಧಿಗಳಲ್ಲಿ 80 ಮಂದಿಗೆ ಇಲಿಜ್ವರದ ಲಕ್ಷಣಗಳು ಕಂಡುಬಂದವು. ಸೆಗಾಮಾ ನದಿಯ ನೀರೇ ಕಾರಣವೆಂದು ತಿಳಿಯಿತು. ನಮ್ಮ ಮಲೆನಾಡಿನಲ್ಲಿ ಇದರೊಡನೆ ಮಂಗನ ಕಾಯಿಲೆಯೂ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಆ ರೋಗವನ್ನು ಹರಡುವ ಉಣುಗುಗಳು ಚುರುಕಾಗುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಸ್ಪರ್ಧೆಗಳು ನಡೆಯುವ ಕಾಲದಲ್ಲಿಯೇ. ಮೈಮುಚ್ಚುವ ಉಡುಪು, ಗಾಯಗಳಿಗೆ ನೀರು ತಾಗದ ಪಟ್ಟಿ, ಮುಗಿದ ಕೂಡಲೇ ಸಾಬೂನಿನ ಸ್ನಾನ ಇವು ಅಗತ್ಯ. ಮುಂದಿನ ಒಂದು ತಿಂಗಳೊಳಗೆ ಜ್ವರ ಬಂದರೆ 'ಕಾಡಿಗೆ ಹೋಗಿದ್ದೆ, ಹೊಳೆಯಲ್ಲಿ ಇಳಿದಿದ್ದೆ' ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು.

ಸ್ಪರ್ಧೆ ನಡೆಸುವವರಿಗೂ ನಮ್ಮದೊಂದು ಮಾತಿದೆ. ಚೀನಾದ ಗನ್ಸು ಪ್ರಾಂತದಲ್ಲಿ 2021ರ ಮೇ 22ರಂದು ನಡೆದ 100 ಕಿಲೋಮೀಟರ್ ಬೆಟ್ಟದ ಓಟದಲ್ಲಿ ಹವಾಮಾನ ಹಠಾತ್ತನೆ ಕೆಟ್ಟು, ಚಳಿಗೆ ಸಿಲುಕಿ 21 ಓಟಗಾರರು ಮೃತಪಟ್ಟರು. ಅನುಭವಿಗಳೂ ಅವರಲ್ಲಿದ್ದರು; ಮೈಮೇಲಿದ್ದದ್ದು ತೆಳು ಬಟ್ಟೆ. ಅಂದು ಝು ಕೆಮಿಂಗ್ ಎಂಬ ಕುರಿಗಾಹಿ ತಾನು ಆಶ್ರಯ ಪಡೆದಿದ್ದ ಗುಹೆಗೆ ಆರು ಮಂದಿಯನ್ನು ಕರೆತಂದು, ಬೆಂಕಿ ಹಾಕಿ, ಕಂಬಳಿ ಹೊದಿಸಿ ಉಳಿಸಿದ. ನಮ್ಮ ಹುಡುಗನಿಗೆ ಹೊಲದ ತಾಯಿ ಮಾಡಿದ್ದೂ ಇಂಥದೇ ದಾಸೋಹ. ಆದರೆ ದಾರಿಹೋಕರ ಕರುಣೆಯನ್ನು ನಂಬಿ ಸ್ಪರ್ಧೆ ಏರ್ಪಡಿಸುವುದು ಸಲ್ಲದು. ಏಕಾಂಗಿ ವಿಭಾಗ ಇಡುವವರು ಪ್ರತಿ ಠಾಣೆಯಲ್ಲಿ ಸ್ಪರ್ಧಿಯನ್ನು ನಿಲ್ಲಿಸಿ ಎರಡು ಮಾತನಾಡಿಸುವ, ತಡೆಯುವ ಅಧಿಕಾರವುಳ್ಳ ಒಬ್ಬರನ್ನು ಇಡಬೇಕು. ತಂಡದಲ್ಲಿ ಒಮ್ಮೆಯಾದರೂ ಮುಗಿಸಿದವರಿಗೆ ಮಾತ್ರ ಏಕಾಂಗಿ ಪ್ರವೇಶ ಕೊಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ನಮ್ಮ ವೃತ್ತಿಬಾಂಧವರಲ್ಲಿ ಒಂದು ಅರಿಕೆ. ಎರಡು ನಿಮಿಷದ ಪ್ರಮಾಣಪತ್ರವನ್ನು ನಿಲ್ಲಿಸೋಣ. ಇತ್ತೀಚೆಗೆ ಜ್ವರ ಬಂದಿತ್ತೇ, ಮನೆಯಲ್ಲಿ ಎಳೆಯ ವಯಸ್ಸಿನಲ್ಲಿ ಹಠಾತ್ ಮರಣವಾಗಿದೆಯೇ, ಶ್ರಮಪಟ್ಟಾಗ ಎಂದಾದರೂ ಕಣ್ಣು ಕತ್ತಲೆಗಟ್ಟಿದೆಯೇ, ಈ ಮೂರು ಪ್ರಶ್ನೆಗಳನ್ನು ಕೇಳದೆ ಸಹಿ ಮಾಡಬಾರದು. ಸಂಶಯವಿದ್ದರೆ ಇಸಿಜಿಗೂ ಹೃದ್ರೋಗ ತಜ್ಞರ ಬಳಿಗೂ ಕಳುಹಿಸಬೇಕು. ಜ್ವರ ಬಿಟ್ಟು ಎರಡು ವಾರವಾದರೂ ಕಳೆಯದೆ ಕಠಿಣ ಶ್ರಮಕ್ಕೆ ಅನುಮತಿ ಬೇಡ. 'ಶಕ್ತಿಗೆ ಏನಾದರೂ ಲೇಹ್ಯ ಕೊಡಿ' ಎಂದು ಕೇಳುವವರಿಗೆ ಅಭ್ಯಾಸಕ್ಕೆ ಬದಲಿ ಲೇಹ್ಯವಿಲ್ಲವೆಂದು ನೇರವಾಗಿ ಹೇಳೋಣ.

ಆ ತರುಣ ಚೇತರಿಸಿಕೊಂಡು ಬಂದಾಗ ನಾವು ಅವನಲ್ಲಿ ಕ್ಷಮೆ ಕೇಳಿದೆವು. ಅವನು ತಲೆ ತಗ್ಗಿಸಿ, 'ಜ್ವರದ ಮಾತು ಮುಚ್ಚಿಟ್ಟವನು ನಾನಲ್ಲವೇ, ಡಾಕ್ಟರೇ' ಎಂದ. ಮರುವರ್ಷ ಗೆಳೆಯನೊಡನೆ ಇಬ್ಬರ ತಂಡದಲ್ಲಿ ಸ್ಪರ್ಧೆ ಮುಗಿಸಿದ. ಈ ವರ್ಷ ಮತ್ತೆ ಒಬ್ಬನೇ ಹೋದ. ಕೊನೆಯ ಠಾಣೆಗೆ ಮುಂಚಿನದರಲ್ಲಿ ಮೈ ನಡುಗಿತೆಂದು ಸಂಖ್ಯೆಯ ಚೀಟಿಯನ್ನು ಬಿಚ್ಚಿ ಕೊಟ್ಟು ನಿಂತುಬಿಟ್ಟ. ಊರಿಗೆ ಬಂದವನು ಜೇಬಿನಲ್ಲಿದ್ದ ಬೆವರು ಹಿಡಿದ ಕಾಗದವನ್ನು ನಮ್ಮ ಮೇಜಿನ ಮೇಲಿಟ್ಟು, 'ಪದಕ ಇಲ್ಲ, ಇದನ್ನೇ ತಂದೆ' ಎಂದು ನಕ್ಕ. ಆ ಕಾಗದವನ್ನು ಗಾಜಿನ ಕೆಳಗೆ ಇರಿಸಿದ್ದೇವೆ. ಪ್ರಮಾಣಪತ್ರ ಕೇಳಿ ಬರುವವರಿಗೆ ಈಗ ಮೊದಲು ಅದನ್ನು ತೋರಿಸುತ್ತೇವೆ. ತಾವೂ ಅಂಥದೊಂದನ್ನು ಬರೆದು ತಂದ ಮೇಲೆಯೇ ನಾಡಿ ಹಿಡಿಯುತ್ತೇವೆ.