ತುಂಬದ ಬ್ಯಾಟರಿ, ತಪ್ಪಿದ ತೀರ್ಪು



ಈ ಅಂಕಣಕ್ಕೆ ಬರುವ ಓಲೆಗಳಲ್ಲಿ ಹೆಚ್ಚಿನವು ಪೂಜಾವಿಧಿ, ವಿವಾಹ, ಮಕ್ಕಳ ನಡೆನುಡಿ, ಹಿರಿಯರ ಆರೈಕೆ ಮೊದಲಾದ ವಿಷಯಗಳನ್ನು ಕುರಿತವು. ಕೆಲವು ತಿಂಗಳ ಹಿಂದೆ ಕೃಷ್ಣರಾಜಪೇಟೆಯ ಕಡೆಯ ಗೃಹಸ್ಥರೊಬ್ಬರಿಂದ ಬಂದ ಓಲೆ ಬೇರೊಂದು ತೆರನದು. ಅದರ ಸಾರಾಂಶ ಹೀಗಿದೆ:

‘ಗುರುಗಳೆ, ಪದವಿ ತರಗತಿಯಲ್ಲಿ ಓದುತ್ತಿರುವ ಮಗಳಿಗಾಗಿ ಬಳಸಿದ ಲ್ಯಾಪ್‌ಟಾಪ್ ಒಂದನ್ನು ಕೊಂಡೆವು. ಮಾರಿದವನು ಅನ್ಯನಲ್ಲ, ನನಗೆ ಭಾವಮೈದುನನ ವರಸೆಯವನು. ಮನೆಗೆ ತಂದ ದಿನದಿಂದಲೂ ಅದರ ಬ್ಯಾಟರಿ ಶೇಕಡಾ 60ಕ್ಕೆ ಬಂದು ನಿಲ್ಲುತ್ತದೆ. ರಾತ್ರಿಯೆಲ್ಲ ಜೋಡಿಸಿಟ್ಟರೂ ಒಂದು ಅಂಕಿ ಮೇಲೇರದು. ಸತ್ತ ಬ್ಯಾಟರಿಯನ್ನು ಕೊಟ್ಟು ಮೋಸಮಾಡಿದೆಯೆಂದು ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ ಅಂದು ಬಂದಿದ್ದೇನೆ. ಬರುವ ತಿಂಗಳು ಮನೆಯಲ್ಲಿ ಶಿವಗಣಾರಾಧನೆಯಿದೆ. ಕಾಯಕದಲ್ಲಿ ವಂಚಿಸಿದವನೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಬಹುದೆ? ಅವನನ್ನು ಕರೆಯದೆ ಬಿಡುವುದು ಧರ್ಮವೆ?’

ಪ್ರಶ್ನೆ ಪಂಕ್ತಿಯನ್ನು ಕುರಿತದ್ದು. ಆದರೆ ಪಂಕ್ತಿಯ ಮಾತಿಗೆ ಮೊದಲು ವಂಚನೆ ನಡೆದಿದೆಯೆ ಎಂಬುದು ತಿಳಿಯಬೇಕಷ್ಟೆ. ಅದನ್ನು ತಿಳಿಯಲು ಶಾಸ್ತ್ರಗ್ರಂಥಗಳನ್ನು ತೆರೆದು ಪ್ರಯೋಜನವಿಲ್ಲ, ಯಂತ್ರವನ್ನೇ ಕೇಳಬೇಕು. ನಾನು ಯಂತ್ರಜ್ಞನಲ್ಲ. ಮಠದ ವಿದ್ಯಾರ್ಥಿನಿಲಯದಲ್ಲಿ ಓದಿ, ಈಗ ಶ್ರೀರಂಗಪಟ್ಟಣದಲ್ಲಿ ಇಂಥ ಯಂತ್ರಗಳ ದುರಸ್ತಿಯನ್ನೇ ಕಾಯಕವಾಗಿ ಮಾಡಿಕೊಂಡಿರುವ ತರುಣನೊಬ್ಬನ ಬಳಿ ಕುಳಿತು ತಿಳಿದುಕೊಂಡದ್ದನ್ನು ಇಲ್ಲಿ ಅರುಹುತ್ತೇನೆ. ಈಗ ಮನೆಮನೆಯಲ್ಲಿ ಓದುವ ಮಕ್ಕಳ ಕೈಯಲ್ಲಿ ಈ ಯಂತ್ರವಿರುವುದರಿಂದ ಎಲ್ಲರಿಗೂ ಉಪಯೋಗವಾದೀತು.

ಬ್ಯಾಟರಿಯೆಂಬುದು ಶಕ್ತಿಯ ಜಲಾಶಯ. ನಮ್ಮ ಸೀಮೆಯವರಿಗೆ ಕನ್ನಂಬಾಡಿ ಕಟ್ಟೆಗಿಂತ ಬೇರೆ ಉಪಮಾನ ಬೇಕಿಲ್ಲ. ಆ ಕಟ್ಟೆಯ ಪೂರ್ಣಮಟ್ಟ 124.80 ಅಡಿ. ಹೊಳೆ ತುಂಬಿ ಬರುತ್ತಿದೆಯೆಂದು ಆ ಮಟ್ಟವನ್ನು ಮೀರಿ ನೀರು ನಿಲ್ಲಿಸುವವರಿಲ್ಲ. ಗೇಟುಗಳನ್ನು ಎತ್ತಿ ಹೊರಕ್ಕೆ ಬಿಡುತ್ತಾರೆ. ಲ್ಯಾಪ್‌ಟಾಪಿನ ಬ್ಯಾಟರಿಯೊಳಗಿನ ಒಂದೊಂದು ಕೋಶಕ್ಕೂ ಇಂಥದೊಂದು ಮೇರೆಯುಂಟು. ಸಾಮಾನ್ಯವಾಗಿ ಅದು 4.2 ವೋಲ್ಟಿನ ಆಸುಪಾಸು. ಆ ಮೇರೆಯನ್ನು ಕಾಯಲು ಒಳಗೆ ಪುಟ್ಟದೊಂದು ಕಾವಲು ಮಂಡಲವಿರುತ್ತದೆ. ಬ್ಯಾಟರಿ ಬರಿದಾಗಿದ್ದಾಗ ಅದು ವಿದ್ಯುತ್ತನ್ನು ಬೇಗ ಬೇಗ ಒಳಬಿಡುತ್ತದೆ. ತುಂಬುತ್ತ ಬಂದಂತೆ ಬಿಗಿಹಿಡಿಯುತ್ತದೆ. ಆದುದರಿಂದ ಶೇಕಡಾ 80ರವರೆಗೆ ಬೇಗನೆ ಏರಿ, ಉಳಿದ 20ಕ್ಕೆ ಬಹಳ ಹೊತ್ತು ತೆಗೆದುಕೊಂಡರೆ ಅದು ರೋಗವಲ್ಲ, ಆ ಯಂತ್ರದ ಸಹಜ ನಡೆ.

ಪರೀಕ್ಷೆಗೂ ಒಂದು ಕ್ರಮ ಬೇಕು. ಷಟ್‌ಸ್ಥಲದಲ್ಲಿ ಭಕ್ತಸ್ಥಲವನ್ನು ದಾಟದೆ ಮುಂದಿನ ಮೆಟ್ಟಿಲಿಲ್ಲ. ಹಾಗೆಯೇ ಇಲ್ಲಿಯೂ ಹೊರಗಿನಿಂದ ಒಳಕ್ಕೆ, ಸುಲಭದಿಂದ ಕಠಿನಕ್ಕೆ ನಡೆಯಬೇಕು.

ಆದರೆ ಎಲ್ಲಕ್ಕೂ ಮೊದಲು ಯಂತ್ರದ ಮೈಯನ್ನು ಕಣ್ಣಿಟ್ಟು ನೋಡತಕ್ಕದ್ದು. ನಾಗಮಂಗಲದ ಕಡೆಯ ಮನೆಯೊಂದರ ಸಂಗತಿಯನ್ನು ಆ ತರುಣ ಹೇಳಿದ. ಅಲ್ಲಿ ಲ್ಯಾಪ್‌ಟಾಪಿನ ಬೆರಳಾಡಿಸುವ ಫಲಕ ಮೇಲಕ್ಕೆ ಉಬ್ಬಿ, ಮುಚ್ಚಳ ಸರಿಯಾಗಿ ಕೂಡದೆ ಹೋಯಿತು. ಮನೆಯವರು ಅದು ಸೊಟ್ಟಗಾಗಿದೆಯೆಂದು ಭಾವಿಸಿ, ದಪ್ಪನೆಯ ಗ್ರಂಥವೊಂದನ್ನು ಮೇಲೆ ಹೇರಿ ಒತ್ತಿಟ್ಟಿದ್ದರು. ಹಾಗೆ ಒತ್ತಿಟ್ಟೇ ರಾತ್ರಿ ಚಾರ್ಜಿಗೆ ಹಾಕುತ್ತಿದ್ದರು. ಅದನ್ನು ಇಟ್ಟಿದ್ದುದು ಅಜ್ಜಿ ಮಲಗುವ ಮಂಚದ ಮೇಲೆ! ಬೇರೊಂದು ಕೆಲಸಕ್ಕೆ ಹೋಗಿದ್ದ ಈತ ಕಂಡು, ಒಡನೆಯೇ ತಂತಿ ಕಿತ್ತು, ಯಂತ್ರವನ್ನು ಹೊರ ಜಗಲಿಯ ಕಲ್ಲಿನ ಮೇಲೆ ಇರಿಸಿದನಂತೆ.

ಉಬ್ಬಿದ ಬ್ಯಾಟರಿಯೆಂದರೆ ಒಳಗಿನ ದ್ರವ ಕೆಟ್ಟು ಅನಿಲವಾಗಿದೆ ಎಂದರ್ಥ. ಆ ದ್ರವ ಹೊತ್ತಿಕೊಳ್ಳುವ ಗುಣದ್ದು. ಅದನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಲೇಬಾರದು. ಯಂತ್ರವನ್ನು ಆರಿಸಿ, ಹಾಸಿಗೆ ಪರದೆಗಳಿಂದ ದೂರವಾಗಿ ಕಲ್ಲು ಅಥವಾ ಸಿಮೆಂಟಿನ ನೆಲದ ಮೇಲಿಟ್ಟು, ಅಧಿಕೃತ ದುರಸ್ತಿಗಾರರಿಗೆ ತಿಳಿಸಬೇಕು. ಉಬ್ಬು ಕಂಡಲ್ಲಿಗೆ ಮನೆಯವರ ಪರೀಕ್ಷೆ ಮುಗಿಯಿತು. ಮುಂದೆ ಹೇಳುವುದೆಲ್ಲ ಉಬ್ಬಿಲ್ಲದ ಬ್ಯಾಟರಿಗೆ ಮಾತ್ರ.

ಮೊದಲ ಮೆಟ್ಟಿಲು ಗೋಡೆಯ ಸಾಕೆಟ್ಟು. ಅದೇ ಸಾಕೆಟ್ಟಿಗೆ ಬೇರೊಂದು ದೀಪವನ್ನೋ ಫೋನನ್ನೋ ಹಾಕಿ ನೋಡಿರಿ. ಪಿನ್ನು ಸಡಿಲವಾಗಿ ಅಲುಗಾಡುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ದೋಷ ಅಲ್ಲಿಯೇ ಇದೆ. ಪಾಂಡವಪುರದ ಸುತ್ತ ಕಬ್ಬಿನ ಗದ್ದೆಗಳಿಗೆ ಪಂಪುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಯ ದೀಪ ಮಂಕಾಗುವುದುಂಟು. ಅದರಿಂದಲೇ ಬ್ಯಾಟರಿ ತುಂಬುತ್ತಿಲ್ಲವೆಂದು ಹಲವರು ತಿಳಿಯುತ್ತಾರೆ. ಆದರೆ ಅಡಾಪ್ಟರಿನ ಬೆನ್ನ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುವುದನ್ನು ನೋಡಬಹುದು. ಅಷ್ಟರೊಳಗಿನ ಏರಿಳಿತವನ್ನು ಅದು ತಾಳಿಕೊಳ್ಳುತ್ತದೆ. ಅದಕ್ಕೆ ಅಪಾಯವಿರುವುದು ಕರೆಂಟು ಹೋಗಿ ಮರಳಿ ಬರುವ ಕ್ಷಣದ ಹಠಾತ್ ಹೊಡೆತದಿಂದ. ಕರೆಂಟು ಹೋದೊಡನೆ ಸ್ವಿಚ್ಚು ಆರಿಸಿ, ಬಂದ ಮೇಲೆ ಕೆಲವು ನಿಮಿಷ ಕಾದು ಹಾಕುವ ಅಭ್ಯಾಸ ಒಳ್ಳೆಯದು.

ಎರಡನೆಯದು ಅಡಾಪ್ಟರು. ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಸ್ತಪ್ರತಿಗಳ ಪಾಠವನ್ನು ಬೆರಳಚ್ಚು ಮಾಡಲು ನಾನು ಬಳಸುವ ಲ್ಯಾಪ್‌ಟಾಪು, ಪಾಂಡವಪುರದ ನೆಂಟರ ಮನೆಯಲ್ಲಿ ಉಳಿದಿದ್ದಾಗ ಇಡೀ ಹಗಲು ಜೋಡಿಸಿದ್ದರೂ ತುಂಬಲೇ ಇಲ್ಲ. ಹಿಂದಿನ ವಾರ ಅದನ್ನು ದುರಸ್ತಿ ಮಾಡಿದ್ದ ಇದೇ ತರುಣನಿಗೆ ದೂರವಾಣಿಯಲ್ಲಿ ಕಟುವಾಗಿಯೇ ನುಡಿದೆ. ಅವನು ಸಮಾಧಾನದಿಂದ, ‘ಗುರುಗಳೆ, ಚಾರ್ಜರ್ ಮೇಲೆ ಏನು ಬರೆದಿದೆ, ಓದಿ ಹೇಳ್ತೀರಾ?’ ಎಂದ. ಓದಿದೆ. ನನ್ನ ಯಂತ್ರಕ್ಕೆ ಬೇಕಾದುದು 65 ವಾಟ್. ಸ್ವಂತ ಚಾರ್ಜರನ್ನು ಮನೆಯಲ್ಲಿ ಮರೆತು ಬಂದು ನಾನು ಜೋಡಿಸಿದ್ದು ನೆಂಟರ ಫೋನಿನ 18 ವಾಟಿನದು. ಈಗಿನ ಹಲವು ಫೋನು, ಲ್ಯಾಪ್‌ಟಾಪುಗಳಿಗೆ ಒಂದೇ ಆಕಾರದ ತುದಿ ಇರುವುದರಿಂದ ತಂತಿ ಸಲೀಸಾಗಿ ಕೂಡುತ್ತದೆ. ಶಕ್ತಿ ಮಾತ್ರ ಸಾಲದು. ತುದಿ ಕೂಡಿತೆಂದ ಮಾತ್ರಕ್ಕೆ ಚಾರ್ಜರು ಸರಿಯಾದದ್ದೆಂದು ತಿಳಿಯಬಾರದು. ಅದರ ವಾಟು ಯಂತ್ರಕ್ಕೆ ಬೇಕಾದುದಕ್ಕಿಂತ ಕಡಿಮೆಯಿರಬಾರದು. ಹಳೆಯ ದುಂಡುತುದಿಯ ಅಡಾಪ್ಟರಾದರೆ ವೋಲ್ಟು ಕಡ್ಡಾಯವಾಗಿ ಹೊಂದಿಕೆಯಾಗಬೇಕು.

ಮೂರನೆಯದು ಯಂತ್ರದ ಕಂಡಿ, ಅಂದರೆ ತಂತಿ ಸೇರುವ ರಂಧ್ರ. ತಂತಿಯನ್ನು ಮೆಲ್ಲಗೆ ಅಲುಗಿಸಿದಾಗ ಚಾರ್ಜಿನ ಗುರುತು ಬಂದು ಹೋಗುತ್ತಿದ್ದರೆ, ತಂತಿ ಒಳಗೆ ಮುರಿದಿದೆ ಅಥವಾ ರಂಧ್ರ ಸಡಿಲಿದೆ. ಧೂಳು ತುಂಬಿದ್ದರೆ ಯಂತ್ರವನ್ನು ಆರಿಸಿ, ತಂತಿ ತೆಗೆದು, ಒಣಗಿದ ಮೃದು ಕುಂಚದಿಂದ ತೆಗೆಯಬಹುದು. ಪಿನ್ನು, ಸೂಜಿ ಹಾಕಬಾರದು.

ನಾಲ್ಕನೆಯದು ಬಿಸಿ. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟರೆ ಕೆಳಗಿನ ಗಾಳಿಗಂಡಿಗಳು ಮುಚ್ಚಿಹೋಗುತ್ತವೆ. ಬ್ಯಾಟರಿ ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರಿ ಕಾದರೆ ಕಾವಲು ಮಂಡಲವು ಚಾರ್ಜನ್ನು ತಾನೇ ತಡೆಯುವುದುಂಟು. ಮಣೆಯ ಮೇಲಿಟ್ಟು, ಅರ್ಧ ಗಂಟೆ ತಣಿಸಿ ಮತ್ತೆ ನೋಡತಕ್ಕದ್ದು.

ಐದನೆಯದು ಯಂತ್ರದೊಳಗಿನ ವ್ಯವಸ್ಥೆ. ಬ್ಯಾಟರಿಯ ಆಯುಸ್ಸು ಹೆಚ್ಚಲೆಂದು ತಯಾರಕರು ಅನೇಕ ಯಂತ್ರಗಳಲ್ಲಿ ‘ಇಷ್ಟಕ್ಕೇ ನಿಲ್ಲಲಿ’ ಎಂಬ ಮಿತಿಯೊಂದನ್ನು ಇಟ್ಟಿರುತ್ತಾರೆ. ಸಾಮಾನ್ಯವಾಗಿ ಶೇಕಡಾ 60 ಅಥವಾ 80. ಸದಾ ಅಂಚಿನವರೆಗೆ ತುಂಬಿಟ್ಟ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಆದುದರಿಂದ ದಿನವೆಲ್ಲ ತಂತಿಗೆ ಜೋಡಿಸಿಯೇ ಬಳಸುವವರಿಗೆ ಈ ಮಿತಿ ಹಿತಕರ. ಹೊರಗೆ ಒಯ್ಯುವ ವಿದ್ಯಾರ್ಥಿಗಳು ಅದನ್ನು ತೆಗೆದುಹಾಕಬಹುದು. ತಯಾರಕರ ಬ್ಯಾಟರಿ ಸಂಬಂಧವಾದ ಪುಟದಲ್ಲಿ ಈ ಆಯ್ಕೆ ಸಿಗುತ್ತದೆ. ಅಲ್ಲಿಯೂ ಎಲ್ಲ ಸರಿಯಿದ್ದರೆ, ಕೆಲಸವನ್ನು ಉಳಿಸಿಕೊಂಡು ಯಂತ್ರವನ್ನು ಪೂರ್ತಿ ಆರಿಸಿ, ತಂತಿ ಕಿತ್ತು, ಆರಂಭದ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ಮತ್ತೆ ಜೋಡಿಸಿದರೆ ಕೆಲವು ವೇಳೆ ದಾರಿಗೆ ಬರುತ್ತದೆ.

ಆರನೆಯದು ಬ್ಯಾಟರಿಯ ವಯಸ್ಸು. ಕನ್ನಂಬಾಡಿ ಕಟ್ಟೆಯ ಮೂಲ ಸಾಮರ್ಥ್ಯ 49.45 ಟಿಎಂಸಿ. ಯಾವ ಜಲಾಶಯದಲ್ಲೇ ಆಗಲಿ, ಹೂಳು ಕೂಡಿದಂತೆ ಮಟ್ಟ ಅದೇ ಇದ್ದರೂ ನೀರು ಕಡಿಮೆ. ಬ್ಯಾಟರಿಯೂ ಹಾಗೆಯೇ, ತೆರೆಯ ಮೇಲೆ ನೂರು ಎಂದು ಕಂಡರೂ ಅದು ಈಗ ಉಳಿದಿರುವ ಪಾತ್ರೆಯ ನೂರು. ಬಹುಪಾಲು ಬ್ಯಾಟರಿಗಳು 300ರಿಂದ 500 ಬಾರಿ ಪೂರ್ತಿ ತುಂಬಿ ಬರಿದಾಗುವ ವೇಳೆಗೆ ಮೂಲ ಶಕ್ತಿಯ ಐದರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತವೆ. ವಿಂಡೋಸ್ ಯಂತ್ರದಲ್ಲಿ ‘ಬ್ಯಾಟರಿ ರಿಪೋರ್ಟ್’ ಎಂಬ ವರದಿಯನ್ನು ತೆಗೆಯಬಹುದು. ಮನೆಯ ವಿದ್ಯಾರ್ಥಿಗಳು ಅದನ್ನು ಬಲ್ಲರು. ಅದರಲ್ಲಿ ತಯಾರಾದಾಗಿನ ಸಾಮರ್ಥ್ಯ, ಈಗ ತುಂಬುವ ಸಾಮರ್ಥ್ಯ ಎಂಬ ಎರಡು ಅಂಕಿಗಳಿರುತ್ತವೆ. ಮೊದಲನೆಯದು 41,000 ಇದ್ದು ಎರಡನೆಯದು 24,600 ಆಗಿದ್ದರೆ ಉಳಿದಿರುವುದು ಶೇಕಡಾ 60 ಎಂದು ತಿಳಿಯಬೇಕು. ಆಗ ಹೊಸ ಬ್ಯಾಟರಿಯೇ ಮದ್ದು.

ಹಳೆಯದನ್ನು ಕಸದ ತೊಟ್ಟಿಗೂ ಗುಜರಿಯ ಮೂಟೆಗೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯನ್ನು ಬೇರೆಯಾಗಿಯೇ ಒಪ್ಪಿಸುವ ಹೊಣೆಯನ್ನು ಬಳಕೆದಾರರ ಮೇಲೂ ಹೊರಿಸಿವೆ. ಅದರೊಳಗಿನ ಲಿಥಿಯಂ ಲೋಹಕ್ಕೆ ಆ ಹೆಸರು ಬಂದದ್ದು ಕಲ್ಲು ಎಂಬರ್ಥದ ಗ್ರೀಕ್ ಪದದಿಂದ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ ಸುಮಾರು 1,600 ಟನ್ ಲಿಥಿಯಂ ಇರುವುದೆಂದು ಪ್ರಾಥಮಿಕ ಸಮೀಕ್ಷೆಯಿಂದ ತಿಳಿದಿರುವುದಾಗಿ ಕೇಂದ್ರ ಸರ್ಕಾರ 2021ರಲ್ಲಿ ಸಂಸತ್ತಿಗೆ ಹೇಳಿತು. ಅದು ಅಂದಾಜಿನ ಲೆಕ್ಕ. ಆದರೂ ನಮ್ಮ ನೆಲದ ಕಲ್ಲಿನಲ್ಲಿಯೇ ಇರುವ ಈ ಧಾತುವನ್ನು ಭೂಮಿಯಿಂದ ತೆಗೆಯುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ನೆನೆದರೆ, ಬಳಸಿದ್ದನ್ನು ಮರಳಿ ಒಪ್ಪಿಸುವುದೂ ಪ್ರಸಾದವನ್ನು ಚೆಲ್ಲದಿರುವ ನೇಮದಂತೆಯೇ ತೋರುತ್ತದೆ.

ಇನ್ನು ಕೃಷ್ಣರಾಜಪೇಟೆಯ ಬಂಧುಗಳ ಪ್ರಶ್ನೆಗೆ ಬರೋಣ. ಶೇಕಡಾ 60ಕ್ಕೆ ಕರಾರುವಾಕ್ಕಾಗಿ ನಿಲ್ಲುತ್ತದೆಯೆಂಬ ಅವರ ಮಾತೇ ಸಂಶಯಕ್ಕೆ ಎಡೆಮಾಡಿತ್ತು. ಮುಪ್ಪಾದ ಬ್ಯಾಟರಿ ಹೀಗೆ ದಿನವೂ ಒಂದೇ ಗೆರೆಗೆ ನಿಲ್ಲುವುದು ಅಪರೂಪ. ಐದನೆಯ ಮೆಟ್ಟಿಲನ್ನು ನೋಡಿ, ಆರನೆಯದರ ವರದಿಯನ್ನೂ ತೆಗೆಯಿರೆಂದು ಬರೆದೆ. ಮೋಸವೇ ಆಗಿದ್ದರೆ ಆ ವರದಿ ಮತ್ತು ರಸೀದಿಯೊಡನೆ ಅಂಗಡಿಯಲ್ಲಿ ಕೇಳುವ ಹಕ್ಕು ನಿಮಗಿದೆ. ಅಲ್ಲಿ ನ್ಯಾಯ ದೊರೆಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮೋಸವಲ್ಲದಿದ್ದರೆ ನಾಲ್ಕು ಜನರ ಎದುರಿಗೆ ಆಡಿದ ಮಾತನ್ನು ನಾಲ್ಕು ಜನರ ಎದುರಿಗೇ ಹಿಂತೆಗೆದುಕೊಳ್ಳಬೇಕಾಗುತ್ತದೆ ಎಂದೂ ಸೇರಿಸಿದೆ.

ಹದಿನೈದು ದಿನಗಳಲ್ಲಿ ಮರು ಓಲೆ ಬಂದಿತು. ಮಗಳು ಹುಡುಕಿ ನೋಡಿದಾಗ 60ರ ಮಿತಿ ಹಾಕಿದ್ದುದು ಕಂಡಿತು. ತೆಗೆದ ರಾತ್ರಿಯೇ ಬ್ಯಾಟರಿ ನೂರಕ್ಕೆ ಏರಿತು. ವರದಿಯಲ್ಲಿ ಮೂಲಶಕ್ತಿಯ ಶೇಕಡಾ 88 ಇನ್ನೂ ಉಳಿದಿತ್ತು. ಅವರು ಮಗಳೊಡನೆ ಅಂಗಡಿಗೆ ಹೋಗಿ, ಗಿರಾಕಿಗಳಿದ್ದ ಹೊತ್ತಿನಲ್ಲಿಯೇ ತಮ್ಮ ಮಾತು ತಪ್ಪೆಂದು ಹೇಳಿದರಂತೆ. ಆತನೂ, ‘ಭಾವ, ಬ್ಯಾಟರಿ ಬಾಳಿಕೆ ಬರ್ಲಿ ಅಂತ ನಾನೇ ಹಾಕಿದ್ದೆ. ನಿಮಗೆ ಹೇಳದೆ ಬಿಟ್ಟದ್ದು ನನ್ನದೂ ತಪ್ಪೇ’ ಎಂದನಂತೆ. ಗಣಾರಾಧನೆಗೆ ಬಂದವನು ಪಂಕ್ತಿಯಲ್ಲಿ ಬಡಿಸಲು ನಿಂತಿದ್ದನೆಂದು ಓಲೆಯ ಕೊನೆಯಲ್ಲಿದೆ.

ಮಾರುವವರು ಯಂತ್ರದ ಗುಣದೋಷಗಳ ಜೊತೆಗೆ ಅದರಲ್ಲಿ ತಾವು ಮಾಡಿದ ವ್ಯವಸ್ಥೆಯನ್ನೂ ತಿಳಿಸಬೇಕು. ಅದೂ ಕಾಯಕದ ಒಂದು ಅಂಗ. ಕೊಳ್ಳುವವರು ದೂರುವ ಮುನ್ನ ಪರೀಕ್ಷಿಸಬೇಕು. ಆರು ಮೆಟ್ಟಿಲುಗಳಿಗೆ ಹಿಡಿಯುವುದು ಒಂದು ಗಂಟೆಯ ಹೊತ್ತು. ಆತುರದ ಮಾತಿನಿಂದ ಮುರಿದ ನೆಂಟಸ್ತನವನ್ನು ಕೂಡಿಸಲು ಎಷ್ಟೋ ವರ್ಷ ಹಿಡಿದದ್ದನ್ನು ಈ ಅಂಕಣದ ಓಲೆಗಳಲ್ಲಿಯೇ ಕಂಡಿದ್ದೇನೆ. ಪಾಂಡವಪುರದಿಂದ ಹಿಂದಿರುಗಿದ ಮೇಲೆ ನಾನೂ ಆ ತರುಣನ ಅಂಗಡಿಗೆ ಹೋಗಿ, ಆಡಿದ ಮಾತನ್ನು ಹಿಂತೆಗೆದುಕೊಂಡು ಬಂದೆ.