ಮಾದರಿ ದರವೂ ಸರಾಸರಿ ದರವೂ ಒಂದಲ್ಲ

ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳ ದೈನಂದಿನ ದರಪಟ್ಟಿಯಲ್ಲಿ ಪ್ರತಿಯೊಂದು ಹುಟ್ಟುವಳಿಯ ಮುಂದೆ ಮೂರು ಬೆಲೆಗಳಿರುತ್ತವೆ: ಕನಿಷ್ಠ, ಗರಿಷ್ಠ ಹಾಗೂ ಮಾದರಿ. ವರ್ತಕರ ಕಣ್ಣು ಸಾಮಾನ್ಯವಾಗಿ ಮೊದಲು ಹೋಗುವುದು ಮೂರನೆಯದರ ಕಡೆಗೆ. ಗಿರಣಿಗಳ ಖರೀದಿ ಕರಾರಿನಲ್ಲಿ ‘ಆ ದಿನದ ಮಾದರಿ ದರದಂತೆ’ ಎಂಬ ಷರತ್ತು ಸೇರುವುದುಂಟು. ಮಾರ್ಚ್ 31ರ ದಾಸ್ತಾನಿಗೂ, ಬ್ಯಾಂಕಿಗೆ ಸಲ್ಲಿಸುವ ಸ್ಟಾಕ್ ಸ್ಟೇಟ್‌ಮೆಂಟಿಗೂ ಅದೇ ದರವನ್ನು ಕಣ್ಣುಮುಚ್ಚಿ ಹಾಕುವವರಿದ್ದಾರೆ. ಈ ಪದ್ಧತಿ ಪರಿಶೀಲನೆಗೆ ಅರ್ಹವಾಗಿದೆ.

ಗೊಂದಲದ ಮೂಲ ಆ ಹೆಸರಿನಲ್ಲಿಯೇ ಇದೆ. ‘ಮಾದರಿ’ ಎಂದೊಡನೆ ಅನುಸರಿಸತಕ್ಕದ್ದು ಎಂಬ ಭಾವನೆ ಮೂಡುತ್ತದೆ. ವಾಸ್ತವವಾಗಿ ಅದು ಸಂಖ್ಯಾಶಾಸ್ತ್ರದ ಬಹುಲಕ, ಅಂದರೆ ಹೆಚ್ಚಿನ ವ್ಯವಹಾರ ಕುದುರಿದ ಬೆಲೆ. ಒಟ್ಟು ಮೊತ್ತವನ್ನು ಭಾಗಿಸಿದಾಗ ಬರುವುದು ಸರಾಸರಿ. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ನಿಲ್ಲುವುದು ಮಧ್ಯಾಂಕ. ಗರಿಷ್ಠದಿಂದ ಕನಿಷ್ಠವನ್ನು ಕಳೆದರೆ ಉಳಿಯುವುದು ವ್ಯಾಪ್ತಿ.

ಈ ನಾಲ್ಕನ್ನು ಕೊಟ್ಟು ಮೂಲ ಅಂಕಿಗಳನ್ನು ಕಂಡುಹಿಡಿಯಿರಿ ಎಂಬ ಲೆಕ್ಕ ವಿದ್ಯಾರ್ಥಿಗಳಿಗೆ ಪರಿಚಿತ. ಅದನ್ನು ಅಂಗಳದ ಭಾಷೆಯಲ್ಲಿ ಹೇಳುವುದಾದರೆ: ಸಮತೂಕದ ಏಳು ಲಾಟುಗಳು; ಕ್ವಿಂಟಲಿಗೆ ಸರಾಸರಿ 5,200 ರೂಪಾಯಿ, ಮಧ್ಯಾಂಕ 5,000, ಬಹುಲಕ 4,800, ವ್ಯಾಪ್ತಿ 1,600. ಸರಾಸರಿಯನ್ನು ಏಳರಿಂದ ಗುಣಿಸಿದರೆ ಒಟ್ಟು 36,400. ನಾಲ್ಕನೆಯ ಸ್ಥಾನದಲ್ಲಿ 5,000. ಅದರ ಹಿಂದೆ 4,800 ಎರಡು ಸಲ. ಮೊದಲಲ್ಲಿ 4,600 ಇಟ್ಟರೆ ಕೊನೆಯಲ್ಲಿ 6,200 ಬರಲೇಬೇಕು. ಉಳಿದ ಎರಡು ಲಾಟುಗಳ ಪಾಲಿಗೆ 11,000. ಅದು 5,200 ಮತ್ತು 5,800 ಆಗಬಹುದು, 5,400 ಮತ್ತು 5,600 ಆದರೂ ಆಗಬಹುದು. (ಎರಡೂ 5,500 ಆಗುವಂತಿಲ್ಲ, ಆಗ ಬಹುಲಕಗಳೇ ಎರಡಾಗುತ್ತವೆ.) ಇಷ್ಟಕ್ಕೇ ಮುಗಿಯದು. ಕನಿಷ್ಠವನ್ನು 4,700 ಎಂದು, ಗರಿಷ್ಠವನ್ನು 6,300 ಎಂದು ಹಿಡಿದು, ನಡುವೆ 5,300 ಮತ್ತು 5,500 ಇಟ್ಟರೂ ನಾಲ್ಕು ಅಳತೆಗಳಲ್ಲಿ ಒಂದೂ ಅಲುಗುವುದಿಲ್ಲ.

ನಾಲ್ಕು ಅಳತೆಗಳು ಕೈಯಲ್ಲಿದ್ದಾಗಲೇ ಹೀಗೆ. ದರಪಟ್ಟಿ ಕೊಡುವುದೋ ಮೂರೇ ಅಂಕಿ, ಅದರಲ್ಲಿ ಸರಾಸರಿಯ ಸುಳಿವಿಲ್ಲ. ಕನಿಷ್ಠ 4,600, ಗರಿಷ್ಠ 6,200, ಮಾದರಿ 4,800 ಎಂದು ಪಟ್ಟಿ ಹೇಳಿದೆ ಎನ್ನೋಣ. ನಡುವಿನ ಐದೂ ಲಾಟುಗಳು 4,800ಕ್ಕೆ ಹೋಗಿದ್ದರೆ ಸರಾಸರಿ 4,971. ಎರಡು ಮಾತ್ರ 4,800ಕ್ಕೆ ಹೋಗಿ ಇತರ ಮೂರು 6,000, 6,050 ಮತ್ತು 6,100ಕ್ಕೆ ಹೋಗಿದ್ದರೆ ಸರಾಸರಿ 5,507. ಪಟ್ಟಿ ಒಂದೇ, ಅಂತರ ಕ್ವಿಂಟಲಿಗೆ ಸುಮಾರು 536 ರೂಪಾಯಿ. ನೂರು ಕ್ವಿಂಟಲ್ ಪೂರೈಸುವ ವರ್ತಕನಿಗೆ ಅದು ಐವತ್ತಮೂರು ಸಾವಿರ ರೂಪಾಯಿಗೂ ಮಿಕ್ಕ ಪ್ರಶ್ನೆ. ಒಂದೇ ದರ್ಜೆಯ ಮಾಲು ಬರುವೆಡೆ ಇಷ್ಟು ಅಂತರ ಬೀಳಲಿಕ್ಕಿಲ್ಲ. ಬ್ಯಾಡಗಿಯ ಮೆಣಸಿನಕಾಯಿಯಂತಹ ಸರಕಿನಲ್ಲಿ, ಬಣ್ಣ ಮತ್ತು ತೇವಾಂಶ ನೋಡಿ ಬೆಲೆ ಏರಿಳಿಯುವೆಡೆ, ಮಾದರಿ ದರವೊಂದನ್ನೇ ನೆಚ್ಚುವುದು ಸಾಹಸವೇ ಸರಿ.

ಲೆಕ್ಕಪತ್ರದ ನಿಯಮವೂ ಈ ರೂಢಿಗೆ ಅನುಕೂಲವಾಗಿಲ್ಲ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನಿನ ಮೌಲ್ಯ ಎಂದರೆ ಅಸಲು ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಯಾವುದು ಕಡಿಮೆಯೋ ಅದು. ಪರಸ್ಪರ ಬದಲಾಯಿಸಬಹುದಾದ ಸರಕಿನ ವೆಚ್ಚಕ್ಕೆ ಮೊದಲು ಬಂದದ್ದು ಮೊದಲು ಹೋಯಿತೆಂಬ ಕ್ರಮ ಅಥವಾ ತೂಕಸಹಿತ ಸರಾಸರಿ; ಬಹುಲಕಕ್ಕೆ ಅಲ್ಲಿ ಸ್ಥಾನವಿಲ್ಲ. ವಸೂಲಿ ಮೌಲ್ಯಕ್ಕೆ ಪೇಟೆಯ ದರ ನೋಡಲೇಬೇಕು, ಆದರೆ ಗೋದಾಮಿನಲ್ಲಿರುವ ದರ್ಜೆಯ ದರವನ್ನು.

ಒಂದೇ ಅಳತೆ ಸಾಲದೆಂಬುದನ್ನು ತೆರಿಗೆ ಕಾನೂನು ಕೂಡ ತಡವಾಗಿ ಒಪ್ಪಿತು. ಸಂಬಂಧಿತ ಸಂಸ್ಥೆಗಳ ನಡುವಿನ ವ್ಯವಹಾರದ ಬೆಲೆ ನಿರ್ಣಯಕ್ಕೆ ಬಹುಕಾಲ ಅಂಕಗಣಿತದ ಸರಾಸರಿಯೇ ಆಧಾರವಾಗಿತ್ತು. 2014ರ ಹಣಕಾಸು (ಸಂಖ್ಯೆ 2) ಕಾಯ್ದೆ ವ್ಯಾಪ್ತಿಯ ಕಲ್ಪನೆಯನ್ನು ತಂದಿತು. 2015ರಲ್ಲಿ ಹೊರಟ ನಿಯಮದಂತೆ, ಹೋಲಿಕೆಗೆ ಆರು ಅಥವಾ ಹೆಚ್ಚು ಅಂಕಿಗಳಿದ್ದಲ್ಲಿ ಕೆಲವು ವಿಧಾನಗಳಿಗೆ 35ರಿಂದ 65ನೇ ಶತಾಂಶದವರೆಗಿನ ಪಟ್ಟಿ ಮಾನ್ಯವಾಯಿತು; ಬೆಲೆ ಅದರ ಹೊರಗೆ ಬಿದ್ದರೆ ಮಧ್ಯಾಂಕ.

ಮಾರುಕಟ್ಟೆ ಸಮಿತಿಗಳಿಗೆ ಸರಾಸರಿ ಪ್ರಕಟಿಸುವುದು ಹೊಸ ಹೊರೆಯೇನಲ್ಲ. ಶುಲ್ಕ ವಸೂಲಾಗುವುದು ವಹಿವಾಟಿನ ಮೌಲ್ಯದ ಮೇಲೆ. ಆವಕದ ತೂಕವೂ ದಾಖಲಾಗುತ್ತದೆ. 2014ರಲ್ಲಿ ರಾಜ್ಯದಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯಿಂದ ಲಾಟುವಾರು ಬೆಲೆಗಳು ಗಣಕದಲ್ಲಿಯೇ ಸಿಗುವಂತಾದವು. ಮೌಲ್ಯವನ್ನು ತೂಕದಿಂದ ಭಾಗಿಸಿ ನಾಲ್ಕನೆಯ ಕಾಲಮಿನಲ್ಲಿ ಬರೆದರೆ ಸಾಕು. ವಾಣಿಜ್ಯ ಸಂಸ್ಥೆಗಳು ಈ ಬೇಡಿಕೆಯನ್ನು ಕೃಷಿ ಮಾರಾಟ ಇಲಾಖೆಯ ಮುಂದಿಡಬೇಕು. ಅಲ್ಲಿಯವರೆಗೆ, ಕರಾರು ಬರೆಯುವವರು ‘ಮಾದರಿ ದರ’ ಎಂದಷ್ಟೇ ಬರೆಯದೆ ಯಾವ ಅಂಗಳ, ಯಾವ ದರ್ಜೆ, ಎಷ್ಟು ದಿನಗಳ ದರ ಎಂಬುದನ್ನು ನಮೂದಿಸಿಕೊಳ್ಳುವುದು ಲೇಸು.