ರೇಷನ್ ಕಾರ್ಡಿನಲ್ಲಿ ಹೆಸರಿದೆ, ಕೈಯಲ್ಲಿ ಕಾಸಿಲ್ಲ! ಗ್ರಾಮಸಭೆಗೆ ಬನ್ನಿ



ಪೋಲಿಯೊದಿಂದ ಕಾಲು ಸೋತ, ಮದುವೆಯಾಗದ, ಕೇರಿಯ ಹೆಣ್ಣುಮಗಳು. ಇಂಥವಳೊಬ್ಬಳನ್ನು ನೀವೂ ಬಲ್ಲಿರಿ. ಅಣ್ಣನ ಮನೆಯ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಹೊತ್ತು ಮುಳುಗುವವರೆಗೆ ಬೀಡಿ ಕಟ್ಟುತ್ತಾಳೆ. ಡಿಪೋವರೆಗೆ ನಡೆಯಲಾರಳು. ಹೀಗಾಗಿ ಮನೆಗೇ ಬಂದು ಒಯ್ಯುವವನು ಸಾವಿರಕ್ಕೆ ಎಷ್ಟೆಂದರೆ ಅಷ್ಟೇ ಕೂಲಿ. ಸರಿಯಿಲ್ಲವೆಂದು ಅವನು ಬದಿಗೆ ತಳ್ಳಿದ ಕಟ್ಟಿಗೆ ಅದೂ ಇಲ್ಲ. ಹೊಲ ನೆಚ್ಚೋಣವೆಂದರೆ ಅಜ್ಜನ ಕಾಲದಿಂದಲೂ ಜಮೀನಿಲ್ಲ. ಚಹಾದಂಗಡಿ ಇಡೋಣವೆಂದರೆ ಅವಳ ಕೈಯ ಚಹಾ ಊರವರೆಲ್ಲ ಕುಡಿಯುತ್ತಾರೆಯೇ? ಎದೆ ಮುಟ್ಟಿಕೊಂಡು ಹೇಳಿ.

ಇವಳ ಬಡತನ ಯಾರ ಖಾತೆಯದು? ಒಂದು ಇಲಾಖೆ ಜಾತಿ ಪ್ರಮಾಣಪತ್ರ ಕೇಳುತ್ತದೆ, ಇನ್ನೊಂದು ವೈಕಲ್ಯದ ಶೇಕಡಾವಾರು ಕೇಳುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಗೆ, ಅಂದರೆ ಅತ್ತಿಗೆಗೆ. (ಅತ್ತಿಗೆಯ ಮೇಲೆ ನಮಗೆ ಸಿಟ್ಟಿಲ್ಲ, ಅವಳೂ ಕೂಲಿಯವಳೇ.) ಪಿಂಚಣಿಗೆ ಅರ್ಜಿ ಹಾಕಿದರೆ ಕುಟುಂಬದ ಆದಾಯ ನೋಡುತ್ತಾರೆ, ಅಣ್ಣನ ದುಡಿಮೆ ಇವಳ ತಲೆಗೆ. ಶಕ್ತಿ ಯೋಜನೆಯಲ್ಲಿ ಟಿಕೆಟ್ಟೇನೋ ಉಚಿತ, ಬಸ್ಸಿನ ಮೆಟ್ಟಿಲು ಹತ್ತಿಸುವವರು ಯಾರು?

2011ರ ಜನಗಣತಿ ತೆಗೆದು ನೋಡಿ. ದೇಶದ ಅಂಗವಿಕಲ ಗಂಡಸರಲ್ಲಿ ಶೇ 47 ಮಂದಿ ದುಡಿಯುವವರೆಂದು ದಾಖಲಾಗಿದ್ದರೆ ಹೆಂಗಸರಲ್ಲಿ ಶೇ 23 ಮಾತ್ರ. ಓದುಬರಹ ಬಲ್ಲವರು ಗಂಡಸರಲ್ಲಿ ಶೇ 62, ಹೆಂಗಸರಲ್ಲಿ ಶೇ 45. ಅಂಗವೈಕಲ್ಯ ಒಂದೇ ಕಾರಣವಾಗಿದ್ದರೆ ಈ ಅಂತರ ಎಲ್ಲಿಂದ ಬಂತು?

ಕಾನೂನಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 37ನೇ ಕಲಮಿನಂತೆ ಸರ್ಕಾರ ಹಂಚುವ ಕೃಷಿ ಜಮೀನು, ಮನೆ, ಬಡತನ ನಿವಾರಣೆ ಯೋಜನೆಗಳಲ್ಲಿ ಶೇ 5 ಪಾಲು ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರದು. ಅದರಲ್ಲೂ ಹೆಂಗಸರಿಗೆ ಆದ್ಯತೆ. 24ನೇ ಕಲಮು, ಇತರರಿಗೆ ಕೊಡುವ ಇಂಥದೇ ನೆರವಿಗಿಂತ ವಿಕಲಚೇತನರಿಗೆ ಕನಿಷ್ಠ ಶೇ 25 ಹೆಚ್ಚು ಕೊಡಿ ಎನ್ನುತ್ತದೆ. ಆದರೆ ಕೇಂದ್ರದ ಪಾಲು ನೋಡಿ: ವಿಧವಾ ವೇತನಕ್ಕೂ ತಿಂಗಳಿಗೆ 300 ರೂಪಾಯಿ, ಅಂಗವಿಕಲರ ವೇತನಕ್ಕೂ 300. ಅದೂ 2012ರಲ್ಲಿ ನಿಗದಿಯಾದದ್ದು, ಅದೂ ಶೇ 80 ವೈಕಲ್ಯ ಇದ್ದವರಿಗೆ. ‘ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಎಂಬ ಮಾತೂ 24ನೇ ಕಲಮಿನಲ್ಲಿದೆ. ಸರ್ಕಾರಗಳು ಬಾಯಿಪಾಠ ಮಾಡಿರುವುದು ಅದೊಂದನ್ನೇ!

ಆದ್ದರಿಂದ ಈ ಸಲದ ಗ್ರಾಮಸಭೆಯಲ್ಲಿ ನಾವು ಕೈಮುಗಿದು ಬೇಡುವುದಿಲ್ಲ, ಲೆಕ್ಕ ಕೇಳುತ್ತೇವೆ. ವಿಕಲಚೇತನರಿಗೆಂದು ತೆಗೆದಿಡಬೇಕಾದ ಶೇ 5 ಹಣ ಯಾವುದಕ್ಕೆ ಖರ್ಚಾಯಿತು, ಪಿಡಿಒ ಓದಿ ಹೇಳಲಿ. ನಿವೇಶನ, ಮನೆ ಪಡೆದವರ ಪಟ್ಟಿಯಲ್ಲಿ ಅಂಗವಿಕಲ ಹೆಂಗಸರು ಎಷ್ಟು, ಅವರಲ್ಲಿ ಕೇರಿಯವರು, ಹಟ್ಟಿ ತಾಂಡಾದವರು ಎಷ್ಟು, ಬೇರೆ ಬೇರೆಯಾಗಿ ತೋರಿಸಲಿ. ಅಣ್ಣನ ಆದಾಯ ತಂಗಿಯ ಆದಾಯವಲ್ಲವೆಂದು ಸಭೆ ಠರಾವು ಮಾಡಿ ಸರ್ಕಾರಕ್ಕೆ ಕಳಿಸಲಿ.

ಸಭೆಯ ಜಾಗದ ಬಗ್ಗೆಯೂ ಒಂದು ಮಾತು. ಗುಡಿಯ ಜಗಲಿಯಲ್ಲಿ ಸಭೆ ಕೂತರೆ ಕೇರಿಯವರು ಹೊರಗೆ ನಿಲ್ಲುತ್ತಾರೆ, ಪಂಚಾಯಿತಿ ಮಹಡಿಯ ಮೇಲೆ ಕೂತರೆ ಗಾಲಿಕುರ್ಚಿ ಹೊರಗೆ ನಿಲ್ಲುತ್ತದೆ. ಶಾಲೆಯ ಬಯಲಿಗೆ ಇಳಿಸಿ ಎಂದು ಅಧ್ಯಕ್ಷರಿಗೆ ಇಂದೇ ಬರೆದುಕೊಡೋಣ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ.

ಬರುವಾಗ ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡು, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಜೆರಾಕ್ಸ್ ತನ್ನಿ. ಕಾರ್ಡು ಆಗದವರು ಬರಿಗೈಯಲ್ಲೇ ಬನ್ನಿ, ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಲ್ಲೇ ಹೆಸರು ಬರೆದುಕೊಳ್ಳಬೇಕು. ನಡೆಯಲಾಗದವರಿದ್ದರೆ ಹಿಂದಿನ ದಿನವೇ ಹೇಳಿಕಳಿಸಿ, ಮನೆ ಬಾಗಿಲಿಗೆ ಆಟೋ ತರುತ್ತೇವೆ.